ಖನಿಜ ಸಂಗ್ರಹಕ್ಕೆ ಸಂಖ್ಯೆ, ಚೀಟಿ ಮತ್ತು ದಾಖಲೆ: ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ನನ್ನ ಬಳಿ ಮುನ್ನೂರಕ್ಕೂ ಹೆಚ್ಚು ಖನಿಜ ಮಾದರಿಗಳಿವೆ. ಕೆಲವು ನಾನೇ ಆರಿಸಿ ತಂದವು, ಕೆಲವು ಕೊಂಡವು. ಹಿರಿಯ ಸಂಗ್ರಾಹಕರೊಬ್ಬರು ತಮ್ಮ ಸಂಗ್ರಹದ ಒಂದು ಭಾಗವನ್ನೂ ನನಗೆ ಕೊಟ್ಟಿದ್ದಾರೆ. ಅವುಗಳ ಹಳೆಯ ಚೀಟಿಗಳು ಡಬ್ಬಿಗಳಲ್ಲಿ ಬಿಡಿಬಿಡಿಯಾಗಿವೆ. ಕಪಾಟು ಬದಲಿಸುವಾಗ ಕೆಲವು ಅದಲುಬದಲಾಗಿರಬಹುದೆಂಬ ಭಯವಿದೆ. ಈಗ ಎಲ್ಲಕ್ಕೂ ಹೊಸ ಚೀಟಿ ಬರೆದು ಕ್ಯಾಟಲಾಗ್ ಮಾಡಬೇಕೆಂದಿದ್ದೇನೆ. ಸಂಖ್ಯೆ ಹೇಗೆ ಕೊಡಬೇಕು? ಕಲ್ಲಿನ ಮೇಲೆಯೇ ಬರೆಯಬಹುದೇ? ಪುಸ್ತಕ ಸಾಕೇ, ಕಂಪ್ಯೂಟರ್ ಬೇಕೇ? ಜೋಡಣೆ ಖನಿಜದ ಪ್ರಕಾರ ಇರಬೇಕೇ, ಸ್ಥಳದ ಪ್ರಕಾರವೇ?

ಉತ್ತರ: ನಿಮ್ಮ ಪ್ರಶ್ನೆಗಳಿಗಿಂತ ಮೊದಲು ನಿಮ್ಮ ಭಯಕ್ಕೆ ಉತ್ತರಿಸುತ್ತೇನೆ, ಏಕೆಂದರೆ ತುರ್ತಿನ ಕೆಲಸ ಅಲ್ಲಿದೆ. ಹೊಸ ಚೀಟಿ ಬರೆಯುವುದನ್ನಾಗಲಿ ಮರುಜೋಡಣೆಯನ್ನಾಗಲಿ ಇನ್ನೂ ಆರಂಭಿಸಬೇಡಿ. ಪ್ರತಿ ಡ್ರಾಯರು, ಪ್ರತಿ ಟ್ರೇ, ಪ್ರತಿ ಡಬ್ಬಿ ಈಗ ಹೇಗಿದೆಯೋ ಹಾಗೆಯೇ ಮೇಲಿನಿಂದ ಫೋಟೋ ತೆಗೆದಿಟ್ಟುಕೊಳ್ಳಿ. ಯಾವ ಚೀಟಿ ಯಾವ ಕಲ್ಲಿನ ಪಕ್ಕದಲ್ಲಿತ್ತು, ಯಾವ ಡಬ್ಬಿಯಲ್ಲಿ ಎರಡು ಚೀಟಿ ಒಟ್ಟಿಗಿದ್ದವು, ಯಾವುದರಲ್ಲಿ ಒಂದೂ ಇರಲಿಲ್ಲ ಎಂಬುದೆಲ್ಲ ಸಾಕ್ಷ್ಯವೇ. ಅಚ್ಚುಕಟ್ಟು ಮಾಡುವ ಉತ್ಸಾಹದಲ್ಲಿ ಮೊದಲು ನಾಶವಾಗುವುದು ಇದು. ಕಲೆಸಿಹೋದಂತೆ ಕಾಣುವ ಡಬ್ಬಿಯ ಫೋಟೋ ಮುಂದೆ ಎಷ್ಟೋ ಗೊಂದಲಗಳನ್ನು ಬಿಡಿಸಬಲ್ಲದು.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಖನಿಜದ ಹೆಸರು ತಪ್ಪಿದ್ದರೆ ಇಂದಲ್ಲ ನಾಳೆ ತಿದ್ದಬಹುದು. ಹರಳಿನ ಒಳರಚನೆ ನೋಡುವ ಎಕ್ಸ್-ರೇ ವಿವರ್ತನೆಯೋ ಬೆಳಕು ಚದುರುವ ರೀತಿ ನೋಡುವ ರಾಮನ್ ಪರೀಕ್ಷೆಯೋ ನೂರು ವರ್ಷದ ಬಳಿಕವೂ ಅದೇ ಉತ್ತರ ಕೊಡುತ್ತದೆ. ಆದರೆ ಆ ಕಲ್ಲು ಯಾವ ಗಣಿಯಲ್ಲಿ, ಯಾವ ಆಳದಲ್ಲಿ ಸಿಕ್ಕಿತು ಎಂಬುದನ್ನು ಯಾವ ಪ್ರಯೋಗಾಲಯವೂ ನಿಶ್ಚಯವಾಗಿ ಹೇಳಲಾರದು. ನಮೀಬಿಯಾದ ತ್ಸುಮೆಬ್ ಗಣಿ 1996ರಲ್ಲಿ ಮುಚ್ಚಿತು. ಅಲ್ಲಿನ ಖನಿಜಗಳನ್ನು ಇಂದು ಅಧ್ಯಯನ ಮಾಡಬೇಕಾದವರು ಬಹುಮಟ್ಟಿಗೆ ಸಂಗ್ರಹಗಳಲ್ಲಿ ಉಳಿದಿರುವ ಕಲ್ಲುಗಳನ್ನೇ ನಂಬಬೇಕು, ಮತ್ತು ಆ ಕಲ್ಲು ತ್ಸುಮೆಬಿನದೆಂದು ಹೇಳಲು ಇರುವ ಆಧಾರ ಹೆಚ್ಚಿನ ಸಲ ಒಂದು ಪುಟ್ಟ ಚೀಟಿ ಮಾತ್ರ. ಹಾಗಾಗಿ ನೀವು ಕೈಗೆತ್ತಿಕೊಂಡಿರುವ ಕೆಲಸದ ತಿರುಳು ಒಂದೇ: ಕಲ್ಲು ಮತ್ತು ಅದು ದೊರೆತ ಸ್ಥಳದ ನಡುವಿನ ಸಂಬಂಧ ಎಂದೂ ಕಡಿಯದಂತೆ ನೋಡಿಕೊಳ್ಳುವುದು. ಮುಂದಿನ ಪ್ರತಿಯೊಂದು ಸಲಹೆಯೂ ಇದಕ್ಕಾಗಿಯೇ ಇದೆ.

ಸಂಖ್ಯೆಯ ವಿಷಯದಲ್ಲಿ ಆದಷ್ಟು ಸರಳವಾಗಿರಿ. 1, 2, 3 ಎಂದು ಸಾಲಾಗಿ ಕೊಡುತ್ತ ಹೋಗಿ. ಕ್ವಾರ್ಟ್ಸ್‌ಗೆ ಒಂದು ಅಕ್ಷರ, ದೇಶಕ್ಕೆ ಇನ್ನೊಂದು, ಕೊಂಡ ವರ್ಷಕ್ಕೆ ಎರಡು ಅಂಕಿ ಎಂದು ಸಂಖ್ಯೆಯೊಳಗೇ ಅರ್ಥ ತುಂಬುವ ಪದ್ಧತಿ ಮೊದಲಿಗೆ ಆಕರ್ಷಕವಾಗಿ ಕಾಣುತ್ತದೆ. ಆದರೆ ಕ್ವಾರ್ಟ್ಸ್ ಎಂದು ನಂಬಿದ್ದು ಟೋಪಾಜ್ ಎಂದು ತಿಳಿದ ದಿನ ಆ ಸಂಖ್ಯೆಯೇ ಸುಳ್ಳಾಗುತ್ತದೆ. ಕಲ್ಲಿನ ಮೇಲೆ ಬರೆದದ್ದನ್ನು ಅಳಿಸಿ ಮತ್ತೆ ಬರೆಯಬೇಕಾಗುತ್ತದೆ. ಸಂಖ್ಯೆಯ ಕೆಲಸ ಕಲ್ಲನ್ನು ಗುರುತಿಸುವುದಷ್ಟೇ, ವಿವರಣೆ ದಾಖಲೆಯ ಪಾಲಿಗಿರಲಿ. ಒಮ್ಮೆ ಕೊಟ್ಟ ಸಂಖ್ಯೆಯನ್ನು ಇನ್ನೊಂದು ಕಲ್ಲಿಗೆ ಎಂದಿಗೂ ಕೊಡಬೇಡಿ. ಮಾದರಿಯನ್ನು ಮಾರಿದರೂ, ಯಾರಿಗಾದರೂ ಕೊಟ್ಟರೂ, ಒಡೆದು ಪುಡಿಯಾದರೂ ಅದರ ಸಾಲು ಹಾಗೆಯೇ ಉಳಿದು, ಏನಾಯಿತು ಎಂಬ ಷರಾ ಮಾತ್ರ ಸೇರಲಿ. ಒಂದೇ ಕಲ್ಲು ಎರಡಾದರೆ 147-1, 147-2 ಎಂದು ಬರೆದರಾಯಿತು. ಹಿರಿಯರ ಕಲ್ಲುಗಳ ಮೇಲೆ ಈಗಾಗಲೇ ಅವರ ಸಂಖ್ಯೆಗಳಿದ್ದರೆ ಅವನ್ನು ಅಳಿಸದೆ, ‘ಹಿಂದಿನ ಸಂಖ್ಯೆ’ ಎಂಬ ಪ್ರತ್ಯೇಕ ಅಂಕಣದಲ್ಲಿ ನಮೂದಿಸಿ. ಅವರ ಹಳೆಯ ನೋಟ್‌ಬುಕ್ ಎಲ್ಲಾದರೂ ಸಿಕ್ಕರೆ ಅದರ ಬಾಗಿಲು ತೆರೆಯುವುದು ಆ ಅಂಕಿಯಿಂದಲೇ.

ಕಲ್ಲಿನ ಮೇಲೆ ಬರೆಯಬಹುದೇ ಎಂದು ಕೇಳಿದ್ದೀರಿ. ಬರೆಯಬಹುದು ಎನ್ನುವುದಕ್ಕಿಂತ, ಬರೆಯಲೇಬೇಕು ಎನ್ನುತ್ತೇನೆ. ಚೀಟಿ ಜಾರುತ್ತದೆ, ಡಬ್ಬಿ ಬದಲಾಗುತ್ತದೆ, ಕಲ್ಲಿಗೆ ಅಂಟಿದ ಅಂಕಿ ಮಾತ್ರ ಕಲ್ಲಿನ ಜೊತೆ ಹೋಗುತ್ತದೆ. ಆದರೆ ಬರೆಯುವ ರೀತಿ ಹಿಂತೆಗೆಯುವಂಥದ್ದಾಗಿರಬೇಕು. ವಸ್ತುಸಂಗ್ರಹಾಲಯಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವುದು ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳ. ಅದು ಅಸಿಟೋನ್ ಎಂಬ ದ್ರಾವಕದಲ್ಲಿ ಕರಗುತ್ತದೆ, ಹಚ್ಚುವುದೂ ಹಾಗೆ ಕರಗಿಸಿಯೇ, ಕಾಲಕ್ರಮದಲ್ಲಿ ಹಳದಿಯಾಗುವುದು ತೀರ ಕಡಿಮೆ, ಬೇಡವೆನಿಸಿದಾಗ ಅಸಿಟೋನ್ ತಾಗಿಸಿದ ಹತ್ತಿಯಿಂದ ಒರೆಸಿ ತೆಗೆಯಬಹುದು.

ಸೀಸದ ಅದಿರಾದ ಗೆಲೀನಾದ ಒಂದು ಮಾದರಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಹರಳುಗಳಿರುವ ಮುಖವನ್ನು ಬಿಟ್ಟು, ಕೆಳಗಿನ ಅಥವಾ ಹಿಂದಿನ ಮಾತೃಶಿಲೆಯ (ಹರಳುಗಳು ಅಂಟಿಕೊಂಡಿರುವ ಬಂಡೆಯ) ಮೇಲೆ ಸಮತಟ್ಟಾದ ಒಂದು ಜಾಗ ಹುಡುಕಿ. ಕಿರುಬೆರಳಿನ ಉಗುರಿಗಿಂತ ಹೆಚ್ಚು ಜಾಗ ಬೇಕಿಲ್ಲ. ಮೃದುವಾದ ಒಣ ಕುಂಚದಿಂದ ಧೂಳು ತೆಗೆದು ಅಲ್ಲಿ ರಾಳದ ತೆಳುವಾದ ಪದರ ಹಚ್ಚಿ. ರಂಧ್ರಗಳುಳ್ಳ ಕಲ್ಲಿನೊಳಕ್ಕೆ ಶಾಯಿ ಇಳಿಯದಂತೆ ತಡೆಯುವುದು ಈ ಪದರವೇ. ಕಲ್ಲು ಕಪ್ಪಾಗಿದ್ದರೆ ಅದರ ಮೇಲೆ ಬಿಳಿ ಅಕ್ರಿಲಿಕ್ ಬಣ್ಣದ ಸಣ್ಣ ಪಟ್ಟಿ ಎಳೆಯಿರಿ. ಚೆನ್ನಾಗಿ ಒಣಗಿದ ಮೇಲೆ ಸಪೂರ ಮೊನೆಯ ಪೆನ್ನಿನಿಂದ, ಇಂಗಾಲದ ವರ್ಣದ್ರವ್ಯವಿರುವ ಕಪ್ಪು ಶಾಯಿಯಲ್ಲಿ ಅಂಕಿ ಬರೆಯಿರಿ. 6 ಮತ್ತು 9 ತಲೆಕೆಳಗಾದಾಗ ಗೊಂದಲವಾಗದಂತೆ ಅಡಿಗೆರೆ ಹಾಕಿ. ಶಾಯಿ ಪೂರ್ತಿ ಒಣಗಿದ ಬಳಿಕ ಮೇಲೊಂದು ರಾಳದ ಪದರವನ್ನು ಒಂದೇ ಎಳೆತದಲ್ಲಿ ಹಚ್ಚಿ ಬಿಟ್ಟುಬಿಡಿ. ಕುಂಚವನ್ನು ಹಿಂದೆ ಮುಂದೆ ಆಡಿಸಿದರೆ ಅಸಿಟೋನ್ ಕೆಳಗಿನ ಪದರವನ್ನೂ ಕರಗಿಸಿ ಅಂಕಿಯನ್ನು ಕದಡುತ್ತದೆ. ಕೈಬರಹ ಸಣ್ಣದಾಗಿ ಬರದಿದ್ದರೆ, ಆಮ್ಲರಹಿತ ಕಾಗದದಲ್ಲಿ ಚಿಕ್ಕದಾಗಿ ಮುದ್ರಿಸಿ ಕತ್ತರಿಸಿದ ಅಂಕಿಯನ್ನು ಹಸಿ ರಾಳದ ಮೇಲಿಟ್ಟು ಮೇಲೆ ಇನ್ನೊಂದು ಪದರ ಕೊಡಬಹುದು. ನನ್ನ ಅನುಭವದಲ್ಲಿ ಇದೇ ಹೆಚ್ಚು ಓದಲು ಸಿಗುವ ವಿಧಾನ. ಅಸಿಟೋನ್ ಬೇಗ ಹೊತ್ತಿಕೊಳ್ಳುವ ದ್ರವವಾದ್ದರಿಂದ ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಬರಹ ತಿದ್ದುವ ಬಿಳಿ ದ್ರವ, ಉಗುರುಬಣ್ಣ, ಸೆಲೋಟೇಪು, ಅಂಟುವ ಸ್ಟಿಕ್ಕರುಗಳನ್ನು ಬಳಸಲೇಬೇಡಿ. ಮೊದಲನೆಯದು ಚಕ್ಕೆಯೆದ್ದು ಉದುರುತ್ತದೆ, ಎರಡನೆಯದು ಹಳದಿಯಾಗಿ ಸುಲಿಯುತ್ತದೆ, ಉಳಿದವು ಅಂಟನ್ನು ಕಲ್ಲಿಗೆ ಬಿಟ್ಟು ತಾವು ಕಳಚಿಕೊಳ್ಳುತ್ತವೆ.

ಎಲ್ಲ ಕಲ್ಲುಗಳೂ ಇದನ್ನು ಸಹಿಸವು. ಸೂಜಿಯಂಥ ಹರಳುಗಳ ಮೆಸೊಲೈಟ್, ನೇಟ್ರೊಲೈಟ್, ಪುಡಿಪುಡಿಯಾಗಿ ಉದುರುವ ದ್ವಿತೀಯಕ ಖನಿಜಗಳು, ಕೈಯ ಬಿಸಿಗೇ ಬಿರುಕು ಬಿಡಬಲ್ಲ ಗಂಧಕದ ಹರಳುಗಳು, ಇವುಗಳನ್ನು ಮುಟ್ಟದೆ ಡಬ್ಬಿಗೇ ಸಂಖ್ಯೆ ಕೊಡಿ. ಹೇಲೈಟ್‌ನಂತಹ (ಕಲ್ಲುಪ್ಪು) ನೀರಿನಲ್ಲಿ ಕರಗುವ ಖನಿಜಗಳಿಗೆ ನೀರು ಬೆರೆತ ಬಣ್ಣ, ಶಾಯಿ ತಾಗಬಾರದು. ಸೂಕ್ಷ್ಮದರ್ಶಕದಲ್ಲಿ ನೋಡುವಷ್ಟು ಚಿಕ್ಕ ಮಾದರಿಗಳ ಡಬ್ಬಿಯಲ್ಲಿ ಸಂಖ್ಯೆಯನ್ನು ತಳದ ಭಾಗಕ್ಕೆ ಹಾಕಬೇಕು, ಮುಚ್ಚಳಕ್ಕೆ ಮಾತ್ರ ಹಾಕಿ ಸುಮ್ಮನಾಗಬಾರದು. ಎರಡು ಡಬ್ಬಿ ಒಟ್ಟಿಗೆ ತೆರೆದಾಗ ಅದಲುಬದಲಾಗುವುದು ಮುಚ್ಚಳಗಳೇ.

ಈಗ ಚೀಟಿಯ ಒಕ್ಕಣೆ. ಕಲ್ಲಿನ ಜೊತೆ ಇರುವ ಚೀಟಿಯಲ್ಲಿ ಸಂಖ್ಯೆ, ಖನಿಜದ ಹೆಸರು, ಜೊತೆಗಿರುವ ಇತರ ಖನಿಜಗಳು, ದೊರೆತ ಸ್ಥಳ, ಸಂಗ್ರಹಿಸಿದವರು ಅಥವಾ ಯಾರಿಂದ ಬಂತು, ಯಾವಾಗ ಎಂಬಿಷ್ಟು ಇದ್ದರೆ ಸಾಕು, ಉಳಿದದ್ದು ದಾಖಲೆಯಲ್ಲಿರುತ್ತದೆ. ಸ್ಥಳವನ್ನು ಚಿಕ್ಕದರಿಂದ ದೊಡ್ಡದಕ್ಕೆ ಬರೆಯಿರಿ: ‘ತ್ಸುಮೆಬ್ ಗಣಿ, ತ್ಸುಮೆಬ್, ಓಷಿಕೋಟೊ ಪ್ರಾಂತ್ಯ, ನಮೀಬಿಯಾ’. ಗಣಿಯ ಮಟ್ಟ, ಸುರಂಗ, ಬಂಡೆಯ ಪದರ ತಿಳಿದಿದ್ದರೆ ಅದು ಎಲ್ಲಕ್ಕಿಂತ ಮುಂದೆ ಬರಲಿ. ಬರೀ ‘ಬ್ರೆಜಿಲ್’ ಎಂದಷ್ಟೇ ಗೊತ್ತಿದ್ದರೆ ಅಷ್ಟೇ ಬರೆಯಿರಿ. ನೋಟದ ಹೋಲಿಕೆಯಿಂದ ಇಂಥದೇ ಗಣಿಯದಿರಬೇಕು ಎಂದು ಬಲವಾಗಿ ಅನಿಸಿದರೂ ಆ ಊಹೆಯನ್ನು ಸ್ಥಳದ ಅಂಕಣಕ್ಕೆ ಏರಿಸದೆ, ಯಾರ ಊಹೆ, ಯಾವ ಆಧಾರದ ಮೇಲೆ ಎಂಬುದರೊಡನೆ ಷರಾದಲ್ಲಿಡಿ. ಇಂದು ಸಂಕೋಚದಿಂದ ಬರೆದ ಊಹೆ, ಎರಡನೆಯವರ ಕೈಗೆ ಹೋಗುವಷ್ಟರಲ್ಲಿ ಖಚಿತ ಸಂಗತಿಯಾಗಿಬಿಡುತ್ತದೆ.

ಹಳೆಯ ಚೀಟಿಗಳಲ್ಲಿ ಊರು, ದೇಶಗಳ ಹೆಸರು ಇಂದಿನದಾಗಿರದಿರುವುದು ಸಾಮಾನ್ಯ. ‘ಯೋಆಖಿಮ್ಸ್‌ಟಾಲ್, ಬೊಹಿಮಿಯಾ’ ಎಂದಿದ್ದರೆ ಅದು ಇಂದಿನ ಜೆಕ್ ಗಣರಾಜ್ಯದ ಯಾಖಿಮೊವ್. ಮೇರಿ ಮತ್ತು ಪಿಯೆರ್ ಕ್ಯೂರಿ ರೇಡಿಯಂ ಬೇರ್ಪಡಿಸಿದ ಯುರೇನಿಯಂ ಅದಿರಿನ ಉಳಿಕೆ ಬಂದದ್ದು ಈ ಗಣಿಗಳಿಂದಲೇ. ತ್ಸುಮೆಬಿನ ಚೀಟಿಯಲ್ಲಿ ‘ನೈರುತ್ಯ ಆಫ್ರಿಕಾ’ ಎಂದಿದ್ದರೆ ಅದು ಬಹುಶಃ 1990ರಲ್ಲಿ ನಮೀಬಿಯಾ ಸ್ವತಂತ್ರವಾಗುವ ಮೊದಲಿನದು. ಹೀಗೆ ಹಳೆಯ ಹೆಸರೇ ಚೀಟಿಯ ಕಾಲವನ್ನು ಹೇಳುತ್ತದೆ. ಆದ್ದರಿಂದ ಮೂಲ ಚೀಟಿಯ ಒಕ್ಕಣೆಯನ್ನು ಕಾಗುಣಿತದ ತಪ್ಪುಗಳ ಸಮೇತ ಅಕ್ಷರಶಃ ಒಂದು ಅಂಕಣದಲ್ಲಿ ನಕಲು ಮಾಡಿ, ಇಂದಿನ ಹೆಸರನ್ನು ಇನ್ನೊಂದರಲ್ಲಿ ಬರೆಯಿರಿ. ಇಂದಿನ ಹೆಸರುಗಳನ್ನು ಏಕರೂಪವಾಗಿಡಲು ಮಿಂಡಾಟ್ ಜಾಲತಾಣದ ಸ್ಥಳಪಟ್ಟಿ ಬಹಳ ಉಪಯುಕ್ತ. ನೀವೇ ತಂದ ಕಲ್ಲುಗಳಿಗೆ ಜಿಪಿಎಸ್ ಅಕ್ಷಾಂಶ, ರೇಖಾಂಶಗಳನ್ನೂ ಸೇರಿಸಿ. ದಶಮಾಂಶದ ನಾಲ್ಕನೆಯ ಅಂಕಿ ಅಕ್ಷಾಂಶದಲ್ಲಿ ಸುಮಾರು 11 ಮೀಟರಿಗೆ ಸಮ, ಅಷ್ಟು ನಿಖರತೆ ಧಾರಾಳವಾಯಿತು.

ಹೆಸರಿನ ಅಂಕಣದಲ್ಲೂ ಇದೇ ಎಚ್ಚರ ಬೇಕು. ಅಂತರರಾಷ್ಟ್ರೀಯ ಖನಿಜಶಾಸ್ತ್ರ ಸಂಘ ಮಾನ್ಯ ಮಾಡಿರುವ ಖನಿಜಗಳು ಇಂದು ಸುಮಾರು 6,000 ಇವೆ, ಮತ್ತು ಹೆಸರುಗಳು ಬದಲಾಗುತ್ತಲೇ ಇರುತ್ತವೆ. ಫ್ಲೋರಪೊಫಿಲೈಟ್ ಎಂದು ಕರೆಯುತ್ತಿದ್ದುದು 2008ರಲ್ಲಿ ಅಪೊಫಿಲೈಟ್-(ಕೆಎಫ್) ಆಯಿತು, 2013ರಲ್ಲಿ ಫ್ಲೋರಪೊಫಿಲೈಟ್-(ಕೆ) ಆಯಿತು. ಕಲ್ಲು ಮಾತ್ರ ಅದೇ. 1997ರ ನಿಯಮಾವಳಿ ಸ್ಟಿಲ್ಬೈಟನ್ನು ಕ್ಯಾಲ್ಸಿಯಂ ಪ್ರಧಾನ ಮತ್ತು ಸೋಡಿಯಂ ಪ್ರಧಾನ ಎಂಬ ಎರಡು ಪ್ರಭೇದಗಳಾಗಿ ವಿಂಗಡಿಸಿತು, ಆದರೆ ರಾಸಾಯನಿಕ ವಿಶ್ಲೇಷಣೆ ಇಲ್ಲದೆ ಕಣ್ಣಿನಿಂದ ಇವನ್ನು ಪ್ರತ್ಯೇಕಿಸಲಾಗದು. ಹೀಗಿರುವಾಗ ‘ಸ್ಟಿಲ್ಬೈಟ್ ಶ್ರೇಣಿ’, ‘ಗಾರ್ನೆಟ್ ಗುಂಪು’, ‘ಟೂರ್ಮಲೀನ್ ಗುಂಪು’ ಎಂದು ಬರೆದು ನಿಲ್ಲಿಸುವುದು, ಪರೀಕ್ಷಿಸದೆ ಬರೆದ ನಿಖರ ಹೆಸರಿಗಿಂತ ಎಷ್ಟೋ ಪ್ರಾಮಾಣಿಕ. ಪ್ರತಿ ಹೆಸರಿನ ಪಕ್ಕದಲ್ಲಿ ಗುರುತಿಸಿದ ಆಧಾರವನ್ನೂ ಬರೆಯಿರಿ: ಹಿಂದಿನ ಚೀಟಿಯ ಪ್ರಕಾರ, ಕಣ್ಣಳತೆಯಿಂದ, ಕಾಠಿಣ್ಯ ಹಾಗೂ ಒರೆಯ (ಉಜ್ಜಿದಾಗ ಬೀಳುವ ಗೆರೆಯ) ಬಣ್ಣದಿಂದ, ಎಕ್ಸ್-ರೇ ವಿವರ್ತನೆಯಿಂದ, ಯಾರು, ಯಾವ ವರ್ಷ. ವಿಶ್ಲೇಷಣೆಯ ವರದಿ ಇದ್ದರೆ ಅದಕ್ಕೂ ಅದೇ ಸಂಖ್ಯೆ ಹಾಕಿ ಜೋಪಾನ ಮಾಡಿ.

ಚೀಟಿಯ ಮಾತನ್ನು ಎಷ್ಟು ನಂಬಬೇಕು ಎಂಬುದಕ್ಕೆ ಖನಿಜ ಸಂಗ್ರಹದ ಚರಿತ್ರೆಯಲ್ಲಿ ಒಂದು ನೋವಿನ ಉದಾಹರಣೆಯಿದೆ. 1968ರಲ್ಲಿ ತೀರಿಕೊಂಡ ಬ್ರಿಟಿಷ್ ಸಂಗ್ರಾಹಕ ಆರ್ಥರ್ ಕಿಂಗ್ಸ್‌ಬರಿ ಬ್ರಿಟನ್ನಿನ ಅನೇಕ ಅಪರೂಪದ ಖನಿಜಗಳನ್ನು ಕಂಡುಹಿಡಿದವರೆಂದು ಹೆಸರಾಗಿದ್ದರು. ಅವರ ಸಂಗ್ರಹ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಸೇರಿತು. ತಜ್ಞರು ಅದನ್ನು ಮರುಪರೀಕ್ಷಿಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವರ ಎಷ್ಟೋ ಮಾದರಿಗಳು ಚೀಟಿಯಲ್ಲಿದ್ದ ಸ್ಥಳದವಲ್ಲ, ಬೇರೆ ಕಡೆಯವು ಎಂದು ತೋರಿಸಿದರು. ಇದರಿಂದಾದ ದೊಡ್ಡ ನಷ್ಟವೆಂದರೆ ಅವರ ನಿಜವಾದ ಶೋಧಗಳೂ ಸಂಶಯಕ್ಕೆ ಒಳಗಾದದ್ದು. ಕಲ್ಲು ಯಾರಿಂದ ಯಾರಿಗೆ ಬಂತು ಎಂಬ ಸರಣಿಯನ್ನು ದಾಖಲಿಸುವುದು ಕೇವಲ ಕುತೂಹಲದ ಮಾತಲ್ಲ ಎನ್ನುವುದಕ್ಕೆ ಇದನ್ನು ಹೇಳಿದೆ. ಹಿಂದಿನ ಒಡೆಯರ ಹೆಸರು, ಅಂಗಡಿಯ ರಸೀದಿ, ಜೊತೆಗೆ ಬಂದ ಪತ್ರ, ಇವೆಲ್ಲ ಚೀಟಿಯ ಮಾತಿಗೆ ಬೆಂಬಲವಾಗಿ ನಿಲ್ಲುವ ಸಾಕ್ಷಿಗಳು.

ನಿಮ್ಮ ಅದಲುಬದಲಾದ ಚೀಟಿಗಳಿಗೆ ಬರೋಣ. ಹಿರಿಯರನ್ನು ಭೇಟಿಯಾಗಲು ಸಾಧ್ಯವಿದ್ದರೆ ಕಲ್ಲುಗಳನ್ನೂ ಫೋಟೋಗಳನ್ನೂ ಅವರ ಮುಂದಿಟ್ಟು ಕೇಳಿ, ಅವರು ಹೇಳಿದ್ದನ್ನು ದಿನಾಂಕದೊಡನೆ ಬರೆದುಕೊಳ್ಳಿ. ಒಪ್ಪಿದರೆ ಧ್ವನಿಯನ್ನೂ ಮುದ್ರಿಸಿಕೊಳ್ಳಿ. ಅವರ ನೆನಪಿನಷ್ಟು ಬೇಗ ಕೈತಪ್ಪುವ ಆಕರ ಇನ್ನೊಂದಿಲ್ಲ. ಅದಾದ ಮೇಲೆ ಕಲ್ಲನ್ನೇ ಕೇಳಬೇಕು. ಒಂದು ಡಬ್ಬಿಯಲ್ಲಿ ಎರಡು ಕ್ವಾರ್ಟ್ಸ್, ಎರಡು ಚೀಟಿ ಇವೆ, ಒಂದರಲ್ಲಿ ಬಸಾಲ್ಟ್ (ಲಾವಾ ಆರಿ ಆದ ಶಿಲೆ) ಕ್ವಾರಿಯ ಹೆಸರು, ಇನ್ನೊಂದರಲ್ಲಿ ಪೆಗ್ಮಟೈಟ್ (ದೊಡ್ಡ ಹರಳುಗಳ ಶಿಲೆ) ಗಣಿಯ ಹೆಸರು ಇದೆ ಎನ್ನಿ. ಹರಳುಗಳನ್ನು ಬಿಟ್ಟು ಅವುಗಳ ಬುಡ ನೋಡಿ. ಅಲ್ಲಿ ಅಂಟಿಕೊಂಡ ಕಪ್ಪು, ಸೂಕ್ಷ್ಮಕಣಗಳ ಶಿಲೆ, ಹಸಿರು ಲೇಪ, ಪಕ್ಕದಲ್ಲಿ ಸ್ಟಿಲ್ಬೈಟಿನಂಥ ಜಿಯೊಲೈಟ್ ಖನಿಜ ಕಂಡರೆ ಅದು ಬಸಾಲ್ಟಿನ ಪೊಳ್ಳಿನಲ್ಲಿ ಬೆಳೆದದ್ದು. ದಪ್ಪ ಫೆಲ್ಡ್‌ಸ್ಪಾರ್, ಅಭ್ರಕದ ಪದರಗಳಿದ್ದರೆ ಪೆಗ್ಮಟೈಟಿನದು. ಇದಲ್ಲದೆ ಚೀಟಿಯಲ್ಲಿ ಅಳತೆ ಬರೆದಿದ್ದರೆ ಅಳೆದು ನೋಡಿ. ಡಬ್ಬಿಯ ಹತ್ತಿಯಲ್ಲಿ ಕಲ್ಲಿನ ಅಚ್ಚು ಉಳಿದಿದೆಯೇ, ಚೀಟಿಯ ಹಿಂದಿನ ಅಂಟಿನ ಗುರುತಿಗೆ ಹೊಂದುವ ಕಲೆ ಕಲ್ಲಿನ ಮೇಲಿದೆಯೇ ಎಂದು ಹುಡುಕಿ. ಇಷ್ಟಾದರೂ ತೀರ್ಮಾನವಾಗದಿದ್ದರೆ ಎರಡೂ ಸಾಲುಗಳಲ್ಲಿ ‘ಚೀಟಿ ಅದಲುಬದಲಾಗಿರುವ ಸಂಶಯವಿದೆ, 88 ಮತ್ತು 89 ನೋಡಿ’ ಎಂದು ಬರೆದು ಎರಡು ಚೀಟಿಗಳನ್ನೂ ಒಟ್ಟಿಗಿಡಿ. ಬಲವಂತದ ತೀರ್ಮಾನಕ್ಕಿಂತ ಬರೆದಿಟ್ಟ ಸಂಶಯ ಮುಂದಿನವರಿಗೆ ಹೆಚ್ಚು ನೆರವಾಗುತ್ತದೆ.

ಹಳೆಯ ಚೀಟಿ ಎಷ್ಟೇ ಹರಿದಿರಲಿ, ತಪ್ಪೇ ಇರಲಿ, ಎಸೆಯಬೇಡಿ, ಅಂಚು ಕತ್ತರಿಸಬೇಡಿ, ಲ್ಯಾಮಿನೇಟ್ ಮಾಡಿಸಬೇಡಿ. ಹಿಂಬದಿಯಲ್ಲಿ ಪೆನ್ಸಿಲಿನಿಂದ ನಿಮ್ಮ ಸಂಖ್ಯೆ ಬರೆದು, ಎರಡೂ ಬದಿ ಸ್ಕ್ಯಾನ್ ಮಾಡಿ, ಪಾರದರ್ಶಕ ಪಾಲಿಯೆಸ್ಟರ್ ಲಕೋಟೆಯಲ್ಲಿ ಸಂಖ್ಯೆಯ ಕ್ರಮದಲ್ಲಿಡಿ. ಹೊಸ ಚೀಟಿಗೆ ಆಮ್ಲರಹಿತ ಕಾಗದ, ವರ್ಣದ್ರವ್ಯದ ಶಾಯಿ ಅಥವಾ ಪೆನ್ಸಿಲ್ ಒಳ್ಳೆಯದು. ರಸೀದಿ ಮುದ್ರಿಸುವಂಥ ಉಷ್ಣಮುದ್ರಣದ ಅಕ್ಷರಗಳು ಕೆಲವೇ ವರ್ಷಗಳಲ್ಲಿ ಅಳಿಸಿಹೋಗುತ್ತವೆ, ಬಾಲ್‌ಪೆನ್ನಿನ ಬರಹ ಬೆಳಕಿಗೆ ಮಾಸುತ್ತದೆ. ಕಬ್ಬಿಣ ಮತ್ತು ಗಂಧಕದಿಂದಾದ ಪೈರೈಟ್ ಮತ್ತು ಮಾರ್ಕಸೈಟ್‌ಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಗಾಳಿಯ ಸಾಪೇಕ್ಷ ತೇವಾಂಶ ಶೇಕಡ 60 ದಾಟಿದಂತೆ ಇವು ಬೇಗ ಆಕ್ಸಿಡೀಕರಣಗೊಂಡು ಬಿಳಿ, ಹಳದಿ ಪುಡಿ ಕಾರುತ್ತವೆ, ಜೊತೆಗೆ ಗಂಧಕಾಮ್ಲ ಹುಟ್ಟುತ್ತದೆ. ಆ ಆಮ್ಲ ಮೊದಲು ತಿನ್ನುವುದು ಕೆಳಗಿರುವ ಚೀಟಿಯನ್ನು, ಆಮೇಲೆ ಡಬ್ಬಿಯನ್ನು. ಇಂಥ ಕಲ್ಲುಗಳ ಚೀಟಿ ಲಕೋಟೆಯೊಳಗಿರಲಿ, ಕಲ್ಲನ್ನು ನೇರವಾಗಿ ತಾಗದಿರಲಿ.

ದಾಖಲೆಯಲ್ಲಿ ರಕ್ಷಣೆಗೆ ಒಂದು ಅಂಕಣ ಮೀಸಲಿಡಿ. ರಿಯಾಲ್ಗರ್ ಬೆಳಕಿಗೆ ಹಳದಿ ಪುಡಿಯಾಗುತ್ತದೆ, ಪ್ರೌಸ್ಟೈಟ್ ಕಪ್ಪಾಗುತ್ತದೆ, ವಿವಿಯಾನೈಟ್ ಕಂದುತ್ತದೆ, ಆದ್ದರಿಂದ ಇವುಗಳಿಗೆ ‘ಕತ್ತಲಲ್ಲಿಡಬೇಕು’ ಎಂದು ಬರೆಯಿರಿ. ಯುರಾನಿನೈಟ್, ಟಾರ್ಬರ್ನೈಟ್, ಆಟ್ಯುನೈಟ್‌ಗಳ ವಿಕಿರಣ, ಕ್ರೈಸೊಟೈಲ್‌ನಂತಹ ಕಲ್ನಾರಿನ ಎಳೆ, ಸಿನಬಾರ್‌ನ ಪಾದರಸ, ಇಂಥ ಅಪಾಯಗಳನ್ನು ದಾಖಲೆಯಲ್ಲಷ್ಟೇ ಅಲ್ಲದೆ ಚೀಟಿಯ ಮೇಲೂ ಎದ್ದು ಕಾಣುವಂತೆ ನಮೂದಿಸಿ, ಏಕೆಂದರೆ ಡ್ರಾಯರು ತೆರೆಯುವವರೆಲ್ಲ ಪುಸ್ತಕ ಓದಿ ಬಂದಿರುವುದಿಲ್ಲ. ಮುರಿದ ಹರಳನ್ನು ಅಂಟಿಸಿದ್ದು, ಎಣ್ಣೆ ಹಚ್ಚಿದ್ದು, ಆಮ್ಲದಲ್ಲಿ ತೊಳೆದದ್ದು ಗೊತ್ತಿದ್ದರೆ ಅದೂ ಬರಲಿ.

ಪುಸ್ತಕವೋ ಕಂಪ್ಯೂಟರೋ ಎಂಬುದಕ್ಕೆ ಎರಡೂ ಎಂಬುದೇ ನನ್ನ ಉತ್ತರ. ಗಟ್ಟಿ ರಟ್ಟಿನ, ಪುಟಸಂಖ್ಯೆಯುಳ್ಳ ರಿಜಿಸ್ಟರಿನಲ್ಲಿ ಸಂಖ್ಯೆ, ಹೆಸರು, ಸ್ಥಳ, ಮೂಲ, ದಿನಾಂಕ ಇಷ್ಟನ್ನು ಶಾಯಿಯಲ್ಲಿ ಬರೆಯಿರಿ. ತಿದ್ದುವಾಗ ಹಳೆಯದು ಓದಲು ಸಿಗುವಂತೆ ಒಂದೇ ಗೆರೆ ಎಳೆಯಿರಿ. ವಿವರವಾದ ದಾಖಲೆಗೆ ಸಾಮಾನ್ಯ ಸ್ಪ್ರೆಡ್‌ಶೀಟ್ ಸಾಕು. ಒಂದು ಅಂಕಣದಲ್ಲಿ ಒಂದೇ ಸಂಗತಿ ಇರಬೇಕು: ಗಣಿ, ಜಿಲ್ಲೆ, ದೇಶ ಬೇರೆ ಬೇರೆ, ಉದ್ದ, ಅಗಲ, ಎತ್ತರ ಮಿಲಿಮೀಟರಿನಲ್ಲಿ ಬೇರೆ ಬೇರೆ. ದಿನಾಂಕವನ್ನು 2024-07-04 ಎಂಬಂತೆ ವರ್ಷ, ತಿಂಗಳು, ದಿನದ ಕ್ರಮದಲ್ಲಿ ಬರೆದರೆ ಅದು ಜುಲೈ 4ರದೋ ಏಪ್ರಿಲ್ 7ರದೋ ಎಂಬ ಅನುಮಾನ ಬರುವುದಿಲ್ಲ. ಖಾಲಿ ಅಂಕಣಕ್ಕೂ ‘ತಿಳಿಯದು’ ಎಂದು ಬರೆದ ಅಂಕಣಕ್ಕೂ ವ್ಯತ್ಯಾಸ ಕಾಪಾಡಿ: ಖಾಲಿಯೆಂದರೆ ಇನ್ನೂ ವಿಚಾರಿಸಿಲ್ಲ, ‘ತಿಳಿಯದು’ ಎಂದರೆ ವಿಚಾರಿಸಿಯೂ ಸಿಗಲಿಲ್ಲ. ಫೋಟೋದಲ್ಲಿ ಅಳತೆಪಟ್ಟಿ ಮತ್ತು ಸಂಖ್ಯೆ ಕಾಣಲಿ, ಕಡತದ ಹೆಸರೂ ಆ ಸಂಖ್ಯೆಯಿಂದಲೇ ಆರಂಭವಾಗಲಿ. ತನ್ನದೇ ಕಡತರೂಪದಲ್ಲಿ ಬಂಧಿಸಿಡುವ ಆ್ಯಪ್‌ಗಳನ್ನು ನಾನು ಸಲಹೆ ಮಾಡುವುದಿಲ್ಲ. ಸಿಎಸ್‌ವಿಯಂಥ ಸರಳ ಪಠ್ಯರೂಪದಲ್ಲಿ ಪ್ರತಿ ತೆಗೆಯಲು ಬರುವುದನ್ನೇ ಆರಿಸಿ, ವರ್ಷಕ್ಕೊಮ್ಮೆ ಮುದ್ರಿಸಿ.

ಇನ್ನು ಜೋಡಣೆ. ಕಲ್ಲಿನ ಮೇಲೆ ಸಂಖ್ಯೆ, ದಾಖಲೆಯಲ್ಲಿ ‘ಇಟ್ಟಿರುವ ಜಾಗ’ ಎಂಬ ಅಂಕಣ ಇದ್ದ ಮೇಲೆ ಕಪಾಟಿನಲ್ಲಿ ಹೇಗೆ ಜೋಡಿಸಿದರೂ ನಡೆಯುತ್ತದೆ. ಧಾತು, ಸಲ್ಫೈಡ್, ಆಕ್ಸೈಡ್, ಸಿಲಿಕೇಟ್ ಎಂದು ಡಾನಾ ಅಥವಾ ಸ್ಟ್ರುಂಜ್ ಅವರ ರಾಸಾಯನಿಕ ವರ್ಗೀಕರಣ ಅನುಸರಿಸುವುದು ಕಲಿಯುವವರಿಗೆ ಅನುಕೂಲ. ಆದರೂ ನೀವೇ ಒಂದೇ ಕ್ವಾರಿಯಿಂದ, ಒಂದೇ ಗಣಿಯಿಂದ ತಂದವನ್ನು ಬೇರ್ಪಡಿಸದೆ ಒಟ್ಟಿಗಿಡಿ ಎನ್ನುತ್ತೇನೆ. ಯಾವ ಖನಿಜದ ಮೇಲೆ ಯಾವುದು ಬೆಳೆದಿದೆ ಎಂಬುದು ಪಕ್ಕಪಕ್ಕದಲ್ಲಿಟ್ಟಾಗಲೇ ಕಣ್ಣಿಗೆ ಬೀಳುತ್ತದೆ.

ಕೆಲಸವನ್ನು ಟ್ರೇಯೊಂದರಂತೆ ಮಾಡಿ. ಎಲ್ಲಕ್ಕೂ ಮೊದಲು ಸಂಖ್ಯೆ, ಆಮೇಲೆ ಎಲ್ಲಕ್ಕೂ ಚೀಟಿ ಎಂದು ಹೊರಟರೆ ಮುನ್ನೂರು ಕಲ್ಲು ಏಕಕಾಲಕ್ಕೆ ಮೇಜಿನ ಮೇಲೆ ಬಂದು ಹೊಸ ಅದಲುಬದಲು ಶುರುವಾಗುತ್ತದೆ. ಒಂದು ಟ್ರೇ ತೆಗೆದು, ಫೋಟೋ, ಸಂಖ್ಯೆ, ಚೀಟಿ, ದಾಖಲೆ ಮುಗಿಸಿ ಒಳಗಿಟ್ಟ ಮೇಲೆ ಮುಂದಿನದು. ಹಿರಿಯರು ಕೊಟ್ಟ ಕಲ್ಲುಗಳಿಂದ ಆರಂಭಿಸಿ, ಆಮೇಲೆ ನೀವೇ ತಂದವು. ರಸೀದಿ ಜೊತೆಗಿರುವ ಕೊಂಡ ಕಲ್ಲುಗಳು ಸ್ವಲ್ಪ ಕಾಯಬಲ್ಲವು. ರಿಜಿಸ್ಟರಿನ ಮೊದಲ ಪುಟದಲ್ಲಿ ನಿಮ್ಮ ಸಂಖ್ಯೆಯ ಪದ್ಧತಿ, ಬಳಸಿದ ಸಂಕ್ಷೇಪಗಳು, ಹಳೆಯ ಚೀಟಿಗಳ ಲಕೋಟೆ ಎಲ್ಲಿದೆ, ಕಂಪ್ಯೂಟರಿನ ಪ್ರತಿ ಎಲ್ಲಿದೆ ಎಂಬುದನ್ನು ಅಪರಿಚಿತರಿಗೂ ಅರ್ಥವಾಗುವಂತೆ ಬರೆದು, ಆ ಪುಟದ ಒಂದು ನಕಲನ್ನು ಕಪಾಟಿನ ಮೇಲಿನ ಡ್ರಾಯರಿನಲ್ಲೇ ಇಡಿ.